ಈ ಮನೆ ನಿಮ್ಮದೇನಾ?

— ಮಾವ, ಬಾಡ ಊರಿನ ನಮ್ಮ ಮನೆಯ ಚಾವಿ ಎಲ್ಲಿ ಹುಡುಕಿದರೂ ಸಿಗುತ್ತಾ ಇಲ್ಲ. ಅಣ್ಣ ಮಸ್ಕತ್‌ನಿಂದ ಬರುವವನಿದ್ದಾನೆ, ಮನೆ ತೆಗೆದು ಗುಡಿಸಿ ಒರೆಸಿ ಇಡು ಅಂತ ಫೋನ್ ಮಾಡಿದ್ದ. ಮೊಬೈಲ್‌ನಲ್ಲಿ ನೋಡಿದೆ. ಚಾವಿ ಮಾಡುವವರು, 24 ತಾಸು ಸೇವೆ ಅಂತ ಒಂದು ನಂಬರ್ ಸಿಕ್ಕಿತು.

— ಫೋನ್ ಮಾಡಿದೆಯಾ?

— ಮಾಡಿದೆ. ಬರಲಿಕ್ಕೆ 150 ರೂಪಾಯಿ, ಉಳಿದದ್ದು ಬೀಗ ನೋಡಿ ಹೇಳ್ತೇವೆ ಅಂದರು. ಅದಕ್ಕೂ ಮೊದಲು ಬುಕಿಂಗ್ ಅಂತ 99 ರೂಪಾಯಿ ಹಾಕಬೇಕಂತೆ. ಲಿಂಕ್ ಕಳಿಸಿದ್ದಾರೆ.

— ಹಾಕಿಬಿಟ್ಟೆಯಾ?

— ಇಲ್ಲ. ನೀವು ಇಷ್ಟು ವರ್ಷ ಕುಮಟೆಯಲ್ಲಿ ಕಬ್ಬಿಣ ಸಾಮಾನಿನ ಅಂಗಡಿ ಇಟ್ಟವರು, ಒಂದು ಮಾತು ಕೇಳೋಣ ಅಂತ ಬಂದೆ.

— ಒಳ್ಳೆಯದು ಮಾಡಿದೆ. ಆ ಲಿಂಕ್ ಒತ್ತಬೇಡ. ಅಂಗಡಿ ಎಲ್ಲುಂಟು ಅಂತ ಕೇಳಿದೆಯಾ?

— ಕೇಳಿದೆ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ನಮ್ಮ ಜನ ಇದ್ದಾರೆ ಅಂದರು.

— ಮೂರೂ ಕಡೆ ಇರಲಿ. ಒಂದು ಕಡೆಯಾದರೂ ಷಟರ್ ಉಂಟೋ, ಬೋರ್ಡ್ ಉಂಟೋ? ಪಕ್ಕದ ಚಹಾದಂಗಡಿ ಯಾರದ್ದು ಅಂತ ಹೇಳಲಿ ನೋಡೋಣ. ನನ್ನ ಹತ್ತಿರ ಬೀಗ ಕೊಂಡವ ಮಾರನೇ ದಿನ ಬಂದು, ‘ಎಂತ ಕೊಟ್ರಿ ಮಾರಾಯ್ರೆ, ತಿರುಗೂದೇ ಇಲ್ಲ’ ಅಂತ ನಾಲ್ಕು ಗಿರಾಕಿಗಳ ಎದುರೇ ಬೈದು ಹೋಗುತ್ತಿದ್ದ. ನಾನು ಎಲ್ಲಿಗೆ ಓಡಲಿ? ಗಲ್ಲಾಪೆಟ್ಟಿಗೆ ಅಲ್ಲೇ, ನಾನೂ ಅಲ್ಲೇ. ನನ್ನ ಪ್ರಾಮಾಣಿಕತೆಯಲ್ಲಿ ಅರ್ಧ ಆ ಬೈಗುಳದ ಹೆದರಿಕೆ. ಉಳಿದರ್ಧ ಸ್ವಂತದ್ದು ಅಂತ ಇಟ್ಟುಕೋ.

— ಮ್ಯಾಪಿನಲ್ಲಿ ಅವರ ಗುರುತು ಉಂಟು ಮಾವ. ನಕ್ಷತ್ರ ಬೇರೆ, ಐದಕ್ಕೆ 4.9.

— ಗುರುತು ಎಲ್ಲಿ ಹಾಕಿದ್ದಾರೆ?

— ಹೆದ್ದಾರಿ ಬದಿಗೆ. ತಡೆಯಿರಿ, ದೊಡ್ಡದು ಮಾಡಿ ನೋಡುತ್ತೇನೆ. ಇಲ್ಲಿ ಕಾಣುವುದು ಪಂಕ್ಚರ್ ಅಂಗಡಿ. ಹಿಂದೆ ಗದ್ದೆ.

— ಹಾಂ. ಗದ್ದೆಯಲ್ಲಿ ಚಾವಿ ಬಿತ್ತಿ ಬೆಳೆಯುತ್ತಾರೋ ಏನೋ.

— ನಗಬೇಡಿ. ಇದು ನಮ್ಮೂರಿನ ರೋಗ ಮಾತ್ರ ಅಲ್ಲ. 2025ರ ಮಾರ್ಚ್‌ನಲ್ಲಿ ಗೂಗಲ್‌ನವರೇ ಅಮೆರಿಕದ ಕೋರ್ಟಿಗೆ ಹೋಗಿದ್ದರು. ಟೆಕ್ಸಾಸ್‌ನಿಂದ ಒಂದು ದೂರು ಬಂದಿತ್ತಂತೆ, ಲೈಸೆನ್ಸ್ ಇಲ್ಲದ ಬೀಗದವನೊಬ್ಬ ಮ್ಯಾಪಿನಲ್ಲಿ ನಮ್ಮ ಹೆಸರು ಹಾಕಿಕೊಂಡು ಗಿರಾಕಿ ಹಿಡಿಯುತ್ತಿದ್ದಾನೆ ಅಂತ. ಅದರ ಬಾಲ ಹಿಡಿದು ಹೋದರೆ ಹತ್ತು ಸಾವಿರಕ್ಕೂ ಹೆಚ್ಚು ಸುಳ್ಳು ಅಂಗಡಿಗಳು ಸಿಕ್ಕವು.

— ಬೀಗದವನಿಂದಲೇ ಶುರುವಾಯಿತು, ನೋಡು. ಯಾಕೆ ಹೇಳು? ಸೀರೆ ತೆಗೆಯಲಿಕ್ಕೆ ಹೊರಟವಳು ನಾಲ್ಕು ಅಂಗಡಿ ಹತ್ತಿ ಇಳಿಯುತ್ತಾಳೆ. ಬೀಗದ ಗಿರಾಕಿ ಹಾಗಲ್ಲ. ಮಳೆಯಲ್ಲಿ ತನ್ನದೇ ಮನೆಯ ಮೆಟ್ಟಿಲ ಮೇಲೆ ಪರದೇಶಿಯ ಹಾಗೆ ನಿಂತಿರುತ್ತಾನೆ. ಒಳಗೆ ಒಲೆಯ ಮೇಲೆ ಹಾಲು ಇಟ್ಟಿರುತ್ತಾನೆ. ರೇಟು ಕೇಳುವ ಸಮಾಧಾನ ಎಲ್ಲಿಂದ ಬರಬೇಕು? ‘ಬೇಗ ಬನ್ನಿ’ ಅನ್ನುತ್ತಾನೆ. ಅಷ್ಟು ಕೇಳಿದ ಕೂಡಲೇ ಆಚೆ ಇರುವವನ ತಲೆಯಲ್ಲಿ ಬಿಲ್ಲು ತಯಾರು.

— ಒಳಗೆ ಮಗು ಸಿಕ್ಕಿಕೊಂಡಿದ್ದರೆ ಯಾರಾದರೂ ಬೇಗ ಬನ್ನಿ ಅಂತಲೇ ಹೇಳುವುದು.

— ಮಗುವೋ, ಮುದುಕರೋ ಒಳಗೆ ಸಿಕ್ಕಿಕೊಂಡರೆ ಬೀಗದವನ ಮಾತೇ ಬೇಡ. 112ಕ್ಕೆ ಮಾಡು. ಪೊಲೀಸು, ಅಗ್ನಿಶಾಮಕ ಎಲ್ಲಕ್ಕೂ ಅದೊಂದೇ ನಂಬರು. ಬಾಗಿಲು ಒಡೆದರೆ ಒಡೆಯಲಿ. ನಿನ್ನದು ಆ ಸಂಗತಿ ಅಲ್ಲವಲ್ಲ. ಬಾಡದ ಮನೆಯಲ್ಲಿ ಈಗ ಇರುವುದು ಜೇಡ, ಗೆದ್ದಲು. ಅವಕ್ಕೆ ಅವಸರ ಇಲ್ಲ.

— ಸರಿ, ಆ 150 ರೂಪಾಯಿಯವ ಬಂದ ಅಂತ ಇಟ್ಟುಕೊಳ್ಳಿ. ಬಂದು ಎಂತ ಮಾಡುತ್ತಾನೆ?

— ಮೊದಲು ಎರಡು ತಂತಿ ಒಳಗೆ ತೂರಿಸಿ ಅಲ್ಲಾಡಿಸುತ್ತಾನೆ. ಆಮೇಲೆ ತಲೆ ಅಲ್ಲಾಡಿಸುತ್ತಾನೆ. ‘ಇದು ಹೈ ಸೆಕ್ಯುರಿಟಿ ಲಾಕ್ ಮೇಡಂ, ಡ್ರಿಲ್ ಹೊಡೆಯದೆ ಆಗುವುದಿಲ್ಲ.’ ಬ್ಯಾಗಿನಿಂದ ಡ್ರಿಲ್ ಹೊರಗೆ ಬರುತ್ತದೆ. ಒಮ್ಮೆ ತೂತು ಬಿದ್ದರೆ ಆ ಬೀಗದ ಕತೆ ಮುಗಿಯಿತು, ಹೊಸದು ಹಾಕಲೇಬೇಕು. ಹೊಸದೂ ಅದೇ ಬ್ಯಾಗಿನಲ್ಲಿ ಉಂಟು! ಪೆಟ್ಟಿಗೆ ಇಲ್ಲ, ಎಂಆರ್‌ಪಿ ಇಲ್ಲ, ಕಂಪನಿ ಹೆಸರು ಕೇಳಿದರೆ ‘ಇಂಪೋರ್ಟೆಡ್’. 150 ಅಂದದ್ದು ಬರುವ ಖರ್ಚು ಮಾತ್ರ ಅಂತ ಆಗ ನಿನಗೆ ನೆನಪು ಮಾಡಿಕೊಡುತ್ತಾನೆ. ಬಾಗಿಲು ತೆರೆದು ಬಿದ್ದಿದೆ, ಕತ್ತಲಾಗುತ್ತಾ ಬಂತು, ಬೀಗ ಚೂರಾಗಿದೆ. ಚೌಕಾಸಿ ಹೇಗೆ ಮಾಡುತ್ತೀ?

— ಡ್ರಿಲ್ ಹಾಕುವವರೆಲ್ಲ ಕಳ್ಳರೇನು?

— ಅಲ್ಲ. ಕೆಲವು ಬೀಗಕ್ಕೆ ಬೇರೆ ದಾರಿಯೇ ಇರುವುದಿಲ್ಲ, ಒಳಗೆ ಏನೋ ಮುರಿದಿರುತ್ತದೆ. ಆದರೆ ಅದು ಕಡೆಯ ಉಪಾಯ. ಗಾಳಿಗೆ ತಾನೇ ಎಳೆದುಕೊಂಡು ಮುಚ್ಚಿದ ನೈಟ್ ಲ್ಯಾಚ್‌ಗೆ ಡ್ರಿಲ್ ಬೇಕಾಗುವುದು ಅಪರೂಪ. ಕೈ ಪಳಗಿದವ ಅದನ್ನು ಒಡೆಯದೆ ತೆಗೆಯುತ್ತಾನೆ. ಬೀಗ ಒಡೆಯಲಿಕ್ಕೆ ಎಂತ ವಿದ್ಯೆ ಬೇಕು, ಸುತ್ತಿಗೆ ಹಿಡಿಯಲಿಕ್ಕೆ ಬಂದರೆ ಸಾಕು. ಬಂದ ಎರಡೇ ನಿಮಿಷದಲ್ಲಿ ಡ್ರಿಲ್ ತೆಗೆದ ಅಂದರೆ, ‘ನಿಲ್ಲಿ, ನಮಗೆ ಬೇಡ’ ಅಂತ ಹೇಳಿ ಬರುವ ಖರ್ಚು ಕೊಟ್ಟು ಕಳಿಸಬೇಕು. ನಮ್ಮ ಜನಕ್ಕೆ ಅದೇ ಕಷ್ಟ. ಮನೆಗೆ ಬಂದವರನ್ನು ಹೇಗೆ ವಾಪಸು ಕಳಿಸುವುದು ಅಂತ ದಾಕ್ಷಿಣ್ಯ.

— 51 ತಾಸು ಕೂತು ಬೀಗ ತೆಗೆದವನೂ ಇದ್ದ ಮಾವ. ಲಂಡನ್ನಿನಲ್ಲಿ ಬ್ರಾಮಾ ಅಂತ ಒಬ್ಬ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಇದನ್ನು ತೆಗೆದವರಿಗೆ 200 ಗಿನ್ನಿ ಕೊಡುತ್ತೇನೆ ಅಂತ ಸವಾಲು ಬರೆಸಿದ್ದ. ಅವನು ಸತ್ತ ಮೇಲೂ ಸವಾಲು ಹಾಗೇ ಇತ್ತು. 1851ರ ದೊಡ್ಡ ಪ್ರದರ್ಶನಕ್ಕೆ ಅಮೆರಿಕದಿಂದ ಹಾಬ್ಸ್ ಅನ್ನುವವ ಬಂದ. ಚಬ್ ಕಂಪನಿಯ ಹೆಸರಾಂತ ಬೀಗವನ್ನು 25 ನಿಮಿಷದಲ್ಲಿ ತೆಗೆದ. ಬ್ರಾಮಾನ ಬೀಗಕ್ಕೆ ಮಾತ್ರ 16 ದಿನಗಳಲ್ಲಿ ಬಿಡುವು ಬಿಡುವಾಗಿ 51 ತಾಸು ಬೇಕಾಯಿತು. ಆದರೂ ಒಡೆಯಲಿಲ್ಲ.

— ಅವನ ಮೇಲೆ ಸಿಟ್ಟಾಗಿರಬೇಕು ಜನ.

— ಆದರು. ಕಳ್ಳರಿಗೆ ದಾರಿ ತೋರಿಸಿದೆ ಅಂದರು. ಕಳ್ಳರಿಗೆ ಇದೆಲ್ಲ ನನಗಿಂತ ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಮನೆಯವರಿಗೆ ಅನ್ನುವುದು ಅವನ ಕಡೆಯವರ ಉತ್ತರ.

— ಸರಿಯೇ ಅಲ್ಲವಾ? ಅಂಗಡಿಯಲ್ಲಿ ನಾನೂ ನೋಡಿದ್ದೇನೆ. ಬೀಗ ಕೊಳ್ಳುವವರು ಕಂಪನಿ ಹೆಸರು ಕೇಳುತ್ತಾರೆ, ಎಷ್ಟು ಲಿವರ್ ಕೇಳುತ್ತಾರೆ, ಕೈಯಲ್ಲಿ ತೂಗಿ ನೋಡುತ್ತಾರೆ. ಗೋದ್ರೆಜ್ ಕಂಪನಿ ಶುರುವಾದದ್ದೇ ಬೀಗದಿಂದ, 1897ರಲ್ಲಿ, ಮುಂಬಯಿಯ ಲಾಲ್‌ಬಾಗಿನಲ್ಲಿ. ಆರ್ದೇಶಿರ್ ಗೋದ್ರೆಜ್ ಮೊದಲು ವಕೀಲರಾಗಿದ್ದರಂತೆ, ಕಕ್ಷಿದಾರನಿಗಾಗಿ ಸತ್ಯ ತಿರುಚಲಾರೆ ಅಂತ ವಕೀಲಿಯನ್ನೇ ಬಿಟ್ಟರಂತೆ. ಕಂಪನಿಯ ಸೇಲ್ಸ್‌ಮನ್ ಆರ್ಡರ್ ಬರೆದುಕೊಳ್ಳುವಾಗಲೆಲ್ಲ ಈ ಕತೆ ಹೇಳದೆ ಬಿಡುತ್ತಿರಲಿಲ್ಲ. ನನ್ನ ಪ್ರಶ್ನೆ ಇಷ್ಟೇ, ಬೀಗ ಮಾಡಿದವರ ಬಗ್ಗೆ ಇಷ್ಟೆಲ್ಲ ತಿಳಿದುಕೊಳ್ಳುತ್ತೇವೆ. ಅದನ್ನು ತೆಗೆಯಲಿಕ್ಕೆ ಕರೆದವನ ಮನೆ ಎಲ್ಲಿ ಅಂತ ಕೇಳುವುದಿಲ್ಲ.

— ಹಾಗಾದರೆ ಫೋನಿನಲ್ಲಿ ಏನೇನು ಕೇಳಬೇಕು?

— ಬೀಗದ ಫೋಟೋ ಕಳಿಸು. ಒಡೆಯದೆ ತೆಗೆದರೆ ಎಷ್ಟು, ಒಡೆಯಬೇಕಾಗಿ ಬಂದರೆ ಎಷ್ಟು, ಹೊಸ ಬೀಗ ನಾನೇ ತಂದರೆ ಕೂರಿಸಲಿಕ್ಕೆ ಎಷ್ಟು ಅಂತ ಕೇಳು. ಮೂರನ್ನೂ ವಾಟ್ಸಾಪಿನಲ್ಲಿ ಬರೆದು ಹಾಕಲಿ. ‘ಬಂದು ನೋಡದೆ ಹೇಗೆ ಹೇಳುವುದು’ ಅನ್ನುವುದರಲ್ಲಿ ಸ್ವಲ್ಪ ಸತ್ಯ ಉಂಟು, ಒಪ್ಪುತ್ತೇನೆ. ಆದರೆ ಹತ್ತು ವರ್ಷ ಈ ಕೆಲಸ ಮಾಡಿದವನಿಗೆ ಇಷ್ಟರಿಂದ ಇಷ್ಟರವರೆಗೆ ಅಂತ ಹೇಳಲಿಕ್ಕೆ ಬರಲೇಬೇಕು. ಅದನ್ನೂ ಹೇಳದವ ನಿನ್ನ ಅವಸರ ನೋಡಿ ರೇಟು ಹೇಳುವವ.

— ಕಳೆದ ಮಳೆಗಾಲದಲ್ಲಿ ಹೊನ್ನಾವರದಲ್ಲಿ ನಮ್ಮ ಓಣಿಯಲ್ಲಿ ಒಬ್ಬರ ಮನೆಗೆ ಹೊಸ ಬೀಗ ಹಾಕಿಸಿದರು. ಚಾವಿ ತಿರುಗುತ್ತಿರಲಿಲ್ಲವಂತೆ. ಹೊಸದು ಹಾಕಿದ ಮೇಲೂ ಹದಿನೈದು ದಿನಕ್ಕೆ ಅದೇ ರಾಗ.

— ಹಲಸಿನ ಬಾಗಿಲೋ?

— ಇರಬೇಕು, ಹಳೇ ಮನೆ.

— ಮಳೆ ಹಿಡಿದರೆ ಮರ ಉಬ್ಬುತ್ತದೆ. ಬೀಗದ ನಾಲಿಗೆ ಒಂದು ಕಡೆ, ಚೌಕಟ್ಟಿನ ತೂತು ಇನ್ನೊಂದು ಕಡೆ. ಚಾವಿ ಹೇಗೆ ತಿರುಗಬೇಕು? ಬಾಗಿಲನ್ನು ಪೂರ್ತಿ ತೆರೆದಿಟ್ಟು ಚಾವಿ ತಿರುಗಿಸಿ ನೋಡಬೇಕು. ಆಗ ಸಲೀಸಾಗಿ ತಿರುಗಿದರೆ ಬೀಗದ್ದು ತಪ್ಪಿಲ್ಲ, ಬಾಗಿಲದ್ದು. ಆಚಾರಿ ಬಂದು ನಾಲ್ಕು ಸಲ ಉಳಿ ಆಡಿಸಿದರೆ ಮುಗಿಯಿತು. ಬೀಗದವನಿಗೆ ಇದು ಗೊತ್ತಿರುವುದಿಲ್ಲ ಅಂದುಕೊಂಡೆಯಾ? ಬಾಗಿಲು ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಹೇಳುವವ ಹೇಳುತ್ತಾನೆ. ಹೇಳದವ ಹೊಸ ಬೀಗ ಮಾರುತ್ತಾನೆ.

— ನಾವು ತೆಂಗಿನೆಣ್ಣೆ ಬಿಡುತ್ತೇವೆ.

— ಅದೊಂದು ಬೇಡ. ನಾಲ್ಕು ದಿನ ನುಣ್ಣಗಿರುತ್ತದೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಪೆನ್ಸಿಲಿನ ಸೀಸ ಪುಡಿ ಮಾಡಿ ಚಾವಿಗೆ ಸವರಿ ಎರಡು ಸಲ ತಿರುಗಿಸು. ನೇತಾಡುವ ಬೀಗಕ್ಕೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಟ್ಟೆ ಬಿಗಿದು ಕಟ್ಟುತ್ತೀರಲ್ಲ, ಅದೂ ಬೇಡ. ಒಳಗೆ ಬೆವರಿ ಮತ್ತೂ ಬೇಗ ತುಕ್ಕು ಹಿಡಿಯುತ್ತದೆ. ಮೇಲಿಂದ ರಬ್ಬರಿನ ಮುಚ್ಚಳ ಇಳಿಬಿಟ್ಟು ಕೆಳಗೆ ಗಾಳಿಗೆ ಬಿಡು. ಹಿತ್ತಾಳೆ ಬೀಗ ಅಂತ ನಾವು ಹೆಮ್ಮೆಪಡುತ್ತೇವೆ. ಮೈ ಹಿತ್ತಾಳೆ, ಕೊಂಡಿ ಉಕ್ಕು. ಬಾಡದ ಗಾಳಿಗೆ ಮೊದಲು ಹೋಗುವುದು ಕೊಂಡಿಯೇ. ಬೀಗದವರನ್ನು ಕರೆಯುವ ಪ್ರಸಂಗಗಳಲ್ಲಿ ಮುಕ್ಕಾಲು ಪಾಲು ಸಮುದ್ರದ್ದೇ ಉಪಕಾರ.

— ನಿಮ್ಮ ಅಂಗಡಿ ಇರುವಾಗ ಮೋಸದವರು ಇರಲಿಲ್ಲವಾ? ಎಲ್ಲ ಈ ಮೊಬೈಲ್ ಬಂದ ಮೇಲೆಯೇ?

— ಇದ್ದರು, ಬೇರೆ ನಮೂನೆ. ಸೈಕಲ್ ಹ್ಯಾಂಡಲಿಗೆ ಚಾವಿಗಳ ದೊಡ್ಡ ಬಳೆ ಕಟ್ಟಿಕೊಂಡು ಝಣಝಣ ಮಾಡುತ್ತಾ ಓಣಿಯಲ್ಲಿ ಬರುತ್ತಿದ್ದರು. ಈಗಲೂ ಬರುತ್ತಾರೆ. ಬರುವುದು ಯಾವಾಗ? ಹನ್ನೊಂದರ ಹೊತ್ತಿಗೆ. ಗಂಡಸರು ಕೆಲಸಕ್ಕೆ ಹೋಗಿ, ಹೆಂಗಸರು ಸಾರಿಗೆ ಒಗ್ಗರಣೆ ಹಾಕುವ ಹೊತ್ತು. ಕೇಳುವುದು ಮನೆ ಬಾಗಿಲಿನ ಬೀಗ ಅಲ್ಲ, ‘ಕಪಾಟಿನ ಚಾವಿ ಸರಿ ಉಂಟಾ ಅಮ್ಮ?’ ಅಂತ. ಹಳೇ ಕಬ್ಬಿಣದ ಕಪಾಟಿನ ಒಳಗಿನ ಲಾಕರ್ ಚಾವಿ ಯಾವ ಮನೆಯಲ್ಲಿ ಸರಿ ಇರುತ್ತದೆ? ಇವಳಿಗೂ ಸಂತೋಷ, ಮನೆ ಬಾಗಿಲಿಗೇ ಬಂದನಲ್ಲ ಅಂತ.

— ಪೇಪರಿನಲ್ಲಿ ಆಗಾಗ ಓದುತ್ತೇನೆ ಇಂಥದ್ದು. ಆದರೆ ಮನೆಯವರ ಕಣ್ಣೆದುರೇ ಹೇಗೆ ಕದಿಯುತ್ತಾರೆ?

— ಕೇಳು. ಇಬ್ಬರು ಬರುತ್ತಾರೆ. ಒಬ್ಬ ಚಾವಿ ಹಾಕಿ, ತೆಗೆದು, ಅರದಿಂದ ಉಜ್ಜಿ, ಮತ್ತೆ ಹಾಕಿ ನೋಡುತ್ತಾನೆ. ಕೈಕೆಲಸ ನಿಜವಾಗಿಯೂ ಬಲ್ಲವನೇ. ಲಾಕರ್ ಬಾಗಿಲು ತೆರೆಯುತ್ತದೆ. ನಿನ್ನ ಎದುರೇ ತೆರೆದು, ನಿನ್ನ ಎದುರೇ ಮುಚ್ಚುತ್ತಾನೆ. ಅಲ್ಲಿಗೆ ನಿನ್ನ ಸಂಶಯ ಹೋಯಿತು. ಆಗ ಎರಡನೆಯವ ಮೇಣದಬತ್ತಿ ಕೇಳುತ್ತಾನೆ, ಇಲ್ಲದಿದ್ದರೆ ಬಿಸಿನೀರು, ಒಂದು ಹಳೇ ಬಟ್ಟೆ. ನೀನು ಅಡುಗೆಮನೆಗೆ ಹೋಗಿ ಬರುವುದಕ್ಕೆ ಎಷ್ಟು ಹೊತ್ತು? ಅಷ್ಟು ಸಾಕು. ವಾಪಸು ಬರುವಾಗ ಲಾಕರ್ ಮುಚ್ಚಿದೆ, ಚಾವಿ ಅದರಲ್ಲೇ ಸಿಕ್ಕಿಕೊಂಡಿದೆ. ‘ಒಳಗೆ ಎಣ್ಣೆ ಬಿಟ್ಟಿದ್ದೇವೆ ಅಮ್ಮ, ಸಂಜೆವರೆಗೆ ತಿರುಗಿಸಬೇಡಿ, ಲಿವರ್ ತುಂಡಾಗುತ್ತದೆ. ಸಂಜೆ ಬಂದು ಸರಿ ಮಾಡಿ ಆಮೇಲೆ ದುಡ್ಡು ತಗೊಳ್ಳುತ್ತೇವೆ.’ ದುಡ್ಡು ಈಗ ಬೇಡ ಅಂದನಲ್ಲ, ಎಷ್ಟು ಒಳ್ಳೆಯವ! ಸಂಜೆ ಬರುವುದಿಲ್ಲ. ಮಾರನೇ ದಿನವೂ ನೀನು ಕಾಯುತ್ತೀ. ಕಡೆಗೆ ಗಂಡ ಕಪಾಟು ಒಡೆಸಿದಾಗ ಬಳೆ, ಸರ ಇಟ್ಟ ಡಬ್ಬಿ ಖಾಲಿ. ಅಷ್ಟು ಹೊತ್ತಿಗೆ ಅವರು ಎಲ್ಲಿಗೆ ತಲುಪಿರಬೇಡ.

— ಅಬ್ಬಾ. ದುಡ್ಡು ತೆಗೆದುಕೊಳ್ಳದೆ ಹೋಗುವುದೇ ಮೋಸದ ಮುಖ್ಯ ಭಾಗ.

— ಅದಕ್ಕೇ ಹೇಳುವುದು, ಕಪಾಟಿನ ಕೆಲಸ ಆದರೆ ಒಂದು ಪದ್ಧತಿ ಇಟ್ಟುಕೋ. ಲಾಕರ್ ತೆರೆದ ಕೂಡಲೇ ‘ನಿಲ್ಲಪ್ಪ’ ಅನ್ನು. ಒಳಗಿದ್ದದ್ದನ್ನೆಲ್ಲ ನೀನೇ ತೆಗೆದು ಬೇರೆ ಕೋಣೆಯಲ್ಲಿಟ್ಟು ಬಾ. ಖಾಲಿ ಕಪಾಟಿನಲ್ಲಿ ಅವನು ಎಷ್ಟು ಬೇಕಾದರೂ ಉಜ್ಜಲಿ. ಇನ್ನೂ ಒಳ್ಳೆಯದು ಅಂದರೆ ಬೀಗವನ್ನೇ ಬಿಚ್ಚಿ ಅಂಗಡಿಗೆ ಒಯ್ಯುವುದು. ಮೇಣದಬತ್ತಿ ಬೇಕಾದರೆ ಪಕ್ಕದ ಮನೆಯವಳು ತರಲಿ, ನೀನು ಎದ್ದು ಹೋಗಬೇಡ.

— ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ನೀವು ಹೇಳುವಾಗಲೆಲ್ಲ ಹೊರಗಿನವನೇ ಕಳ್ಳ, ಊರಿನವ ಸಾಚಾ ಅನ್ನುವ ಹಾಗೆ ಕೇಳುತ್ತದೆ. ಹಿಂದಿ ಮಾತಾಡಿದ ಮಾತ್ರಕ್ಕೆ ಮೋಸಗಾರ ಆಗುತ್ತಾನಾ? ಶಾಲೆಯಲ್ಲಿ ಮಕ್ಕಳೂ ಹೀಗೇ ಕಲಿಯುತ್ತಾರೆ. ಓಣಿಗೆ ಪಾತ್ರೆ ಮಾರುವವ ಬಂದರೂ ಕಳ್ಳ ಬಂದ ಅನ್ನುತ್ತಾರೆ.

— ನಾನು ಹಾಗೆ ಹೇಳಿದೆನಾ?

— ಹೇಳಲಿಲ್ಲ, ಆದರೆ ಹಾಗೆ ಕೇಳಿಸಿತು.

— ಇರಬಹುದು. ಹಾಗಾದರೆ ಇದನ್ನೂ ಕೇಳು. ನಾನು ಕಂಡವರಲ್ಲಿ ಅರ ಹಿಡಿಯುವ ಕೈ ಅಂದರೆ ಮಳೆ ಕಳೆದ ಮೇಲೆ ವರ್ಷವರ್ಷವೂ ಬಸ್‌ಸ್ಟ್ಯಾಂಡಿನ ಹತ್ತಿರ ಗೋಣಿ ಹಾಸಿ ಕೂರುತ್ತಿದ್ದ ಒಬ್ಬನದ್ದು. ಕನ್ನಡ ನಾಲ್ಕು ಶಬ್ದ ಬರುತ್ತಿತ್ತು. ಆದರೆ ಕೂರುವ ಜಾಗ ಒಂದೇ, ಪ್ರತಿ ವರ್ಷ ಅದೇ ಕಟ್ಟೆ. ಅವನು ಮಾಡಿದ ಚಾವಿ ಕೆಟ್ಟರೆ ಜನ ಅಲ್ಲಿಗೇ ಹೋಗಿ ಕೂಗುತ್ತಿದ್ದರು. ನಮ್ಮವನೇ ಒಬ್ಬ ಇದ್ದ, ಅಂಗಡಿ ಉಂಟು, ಭಾಷೆ ಉಂಟು, ನೆಂಟಸ್ತಿಕೆಯೂ ಉಂಟು. ಗಿರಾಕಿಯ ಬೀಗ ಬಿಚ್ಚಿ ಒಳಗಿನ ಹಿತ್ತಾಳೆ ಲಿವರ್ ತೆಗೆದು ಹಗುರದ್ದು ಹಾಕಿ ಕೊಡುತ್ತಿದ್ದ. ಯಾರಿಗೂ ಕಾಣುವುದಿಲ್ಲವಲ್ಲ! ಹಾಗಾಗಿ ಭಾಷೆ ನೋಡಬೇಡ, ಜಾತಿ ನೋಡಬೇಡ. ನಾಳೆ ಇವನನ್ನು ಎಲ್ಲಿ ಹೋಗಿ ಹಿಡಿಯಬಹುದು ಅಂತ ಮಾತ್ರ ನೋಡು.

— ಇದು ಸರಿ ಅನ್ನಿಸುತ್ತದೆ. ನಮ್ಮ ಶಾಲೆಯ ಒಬ್ಬ ಟೀಚರ್ ಹೊನ್ನಾವರದಲ್ಲಿ ಬಾಡಿಗೆ ಮನೆಯ ಚಾವಿ ಬಸ್ಸಿನಲ್ಲಿ ಕಳೆದುಕೊಂಡರು. ಪೇಟೆಯ ಅಂಗಡಿಯವನನ್ನೇ ಕರೆದರು. ಅವನು ಬಂದವನೇ ಬ್ಯಾಗ್ ಕೆಳಗಿಡದೆ ಕೇಳಿದ್ದು, ‘ಈ ಮನೆ ನಿಮ್ಮದೇನಾ?’ ಅಂತ. ಇವರಿಗೆ ಸಿಟ್ಟು ನೆತ್ತಿಗೇರಿತು. ಹೆಸ್ಕಾಂ ಬಿಲ್ ಉಂಟಾ, ಓನರ್ ನಂಬರ್ ಕೊಡಿ, ಅಕ್ಕಪಕ್ಕದವರನ್ನು ಕರೆಯಿರಿ ಅಂತ ಒಂದೊಂದಾಗಿ ಕೇಳಿದನಂತೆ. ಮೇಲಿನ ಮನೆಯ ಅಜ್ಜ ಇಳಿದು ಬಂದು, ‘ಹೌದು, ಇವರೇ’ ಅಂದ ಮೇಲೆ ಬೀಗಕ್ಕೆ ಕೈ ಹಚ್ಚಿದ. ನನ್ನನ್ನೇ ಕಳ್ಳಿ ಮಾಡಿದ ಅಂತ ಟೀಚರ್ ಇಡೀ ಸ್ಟಾಫ್‌ರೂಮಿಗೆ ಹೇಳಿಕೊಂಡು ತಿರುಗಿದರು.

— ಅವನ ನಂಬರ್ ಉಂಟಾ ನಿನ್ನ ಹತ್ತಿರ?

— ಯಾಕೆ?

— ಅವನೇ ಬೇಕಾದವ. ತಂಗಿ, ನೀನು ಮೋಸದ ಬೀಗದವನನ್ನು ಗುರುತಿಸುವುದು ಹೇಗೆ ಅಂತ ಕೇಳುತ್ತಾ ಇದ್ದೀಯಲ್ಲ, ರೇಟಿಗಿಂತ, ಡ್ರಿಲ್ಲಿಗಿಂತ ದೊಡ್ಡ ಗುರುತು ಇದು. ನೀನು ಯಾರು ಅಂತ ಕೇಳದೆ ನಿನ್ನ ಬಾಗಿಲು ತೆಗೆಯುವವ, ನಾಳೆ ಇನ್ನೊಬ್ಬ ಬಂದು ‘ಇದು ನನ್ನ ಮನೆ’ ಅಂದರೆ ಅವನಿಗೂ ಇದೇ ಬಾಗಿಲು ತೆಗೆದುಕೊಡುತ್ತಾನೆ. ಭಟ್ಕಳದ ಓಣಿಗಳಲ್ಲಿ ಹೋಗಿ ನೋಡು, ದೊಡ್ಡ ದೊಡ್ಡ ಮನೆ, ಬಣ್ಣ ಬಳಿದು ಬೀಗ ಹಾಕಿದ್ದಾರೆ. ಸಂಸಾರ ದುಬೈಯಲ್ಲಿ, ದಮಾಮಿನಲ್ಲಿ. ರಜೆಗೆ ಬಂದರೆ ತಿಂಗಳು ಎರಡು ತಿಂಗಳು ಬೆಳಕು. ಕುಮಟಾ ಹೊನ್ನಾವರದ ತೋಟದ ಮನೆಗಳದ್ದೂ ಅದೇ ಕತೆ, ಮಕ್ಕಳು ಬೆಂಗಳೂರು, ಅಪ್ಪ ಅಮ್ಮ ಅವರ ಹಿಂದೆ. ಇಂಥ ಮನೆಯ ಎದುರು ಕಾರು ನಿಲ್ಲಿಸಿ, ‘ಅಣ್ಣ ಗಲ್ಫಿನಿಂದ ಕಳಿಸಿದ್ದಾನೆ, ಚಾವಿ ಕಳೆದಿದೆ’ ಅಂತ ಒಬ್ಬ ಹೇಳಿದರೆ, ನಡುವೆ ನಿಂತು ತಡೆಯುವವ ಯಾರು? ಬೀಗದವ ಒಬ್ಬನೇ.

— ನಾನು ಹೇಳುವುದೂ ಅದೇ ಮಾತು. ಅಣ್ಣ ಗಲ್ಫಿನಲ್ಲಿದ್ದಾನೆ, ಚಾವಿ ಕಳೆದಿದೆ.

— ಹೌದಲ್ಲ! ನೀನೇ ಹೇಳಿದರೂ ಅದು ಕಳ್ಳಿಯ ಮಾತಿನ ಹಾಗೇ ಕೇಳುತ್ತದೆ. ಆ 99 ರೂಪಾಯಿಯವ ನಿನ್ನ ಹೆಸರಾದರೂ ಕೇಳಿದನಾ?

— ಲೊಕೇಶನ್ ಕೇಳಿದ. ಹೆಸರು ಕೇಳಲಿಲ್ಲ.

— ಮತ್ತೇನು.

— ಇದಕ್ಕೆಲ್ಲ ಲೈಸೆನ್ಸ್ ಅಂತ ಇಲ್ಲವಾ ನಮ್ಮಲ್ಲಿ? ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಬೀಗದವರಿಗೆ ಸರ್ಕಾರದ ಲೈಸೆನ್ಸ್ ಕಡ್ಡಾಯ.

— ನಮ್ಮಲ್ಲಿ ಅಂಗಡಿ ಇಡಲಿಕ್ಕೆ ಪಂಚಾಯತದ್ದೋ ಪುರಸಭೆಯದ್ದೋ ಪರವಾನಗಿ ಬೇಕು. ಬೀಗ ತೆಗೆಯುವ ಕಸುಬಿಗೆ ಪ್ರತ್ಯೇಕ ಲೈಸೆನ್ಸ್ ಇಲ್ಲ. ತಪ್ಪು ಮಾಡಿದ ಮೇಲೆ ಮಾತ್ರ ಕಾನೂನು ಉಂಟು. ಅತಿಕ್ರಮ ಪ್ರವೇಶಕ್ಕೆ ಬೀಗ ತೆಗೆದರೆ ಅದು ಕನ್ನ ಕೊರೆದಷ್ಟೇ ಅಪರಾಧ ಅಂತ 1860ರ ದಂಡಸಂಹಿತೆಯಲ್ಲೇ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಂಟು. ಮೋಸಕ್ಕೆ 420 ಇದ್ದದ್ದು 2024ರ ಜುಲೈ 1ರಿಂದ 318 ಆಗಿದೆ. ಬೈಯಲಿಕ್ಕೆ ಮಾತ್ರ ಇನ್ನೂ ಹಳೇ ನಂಬರೇ ಬಾಯಿಗೆ ಬರುವುದು.

— ಮೋಸ ಹೋದ ಮೇಲೆ ದೂರು ಕೊಟ್ಟರೆ ಪ್ರಯೋಜನ ಉಂಟಾ? ಎರಡು ಮೂರು ಸಾವಿರಕ್ಕೆ ಯಾರು ಕಾರವಾರಕ್ಕೆ ಓಡಾಡುತ್ತಾರೆ?

— ಓಡಾಡುವುದು ಬೇಡ. ಗ್ರಾಹಕರ ಸಹಾಯವಾಣಿ 1915. ಗ್ರಾಹಕರ ಆಯೋಗಕ್ಕೇ ಹೋಗುವುದಿದ್ದರೂ ಈಗ ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ವಕೀಲರು ಬೇಕಂತಿಲ್ಲ, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಲಿಂಕ್ ಒತ್ತಿ ಬ್ಯಾಂಕಿನಿಂದ ದುಡ್ಡು ಹೋಯಿತು ಅಂದರೆ ಅದು ಬೇರೆ, ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಬೇಕು, ತಡಮಾಡಿದಷ್ಟೂ ದುಡ್ಡು ದೂರ ಹೋಗುತ್ತದೆ. ಆದರೆ ಎಲ್ಲಿ ದೂರು ಕೊಟ್ಟರೂ ಮೊದಲು ಕೇಳುವುದು ಬಿಲ್. ಅದಕ್ಕೆ ಕೆಲಸ ಆದ ಕೂಡಲೇ ಚೀಟಿ ಬರೆಸಿಕೋ, ಸಾದಾ ಕಾಗದ ಆದರೂ ಅಡ್ಡಿಲ್ಲ. ಹೆಸರು, ತಾರೀಕು, ಎಂತ ಕೆಲಸ, ಎಷ್ಟು ದುಡ್ಡು. ಬರೆಯಲಿಕ್ಕೆ ಹಿಂದೆ ಮುಂದೆ ನೋಡಿದರೆ ದುಡ್ಡು ಕೊಡುವ ಮೊದಲೇ ಗೊತ್ತಾಯಿತಲ್ಲ.

— ಅಣ್ಣನ ಹತ್ತಿರ ಇನ್ನೊಂದು ಚಾವಿ ಉಂಟು. ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕು ಅಂತ ಹೇಳಿದ್ದೆ, ಇಲ್ಲಿ ಅದೇ ನಮೂನೆ ಮಾಡಿಸಬಹುದು ಅಂತ. ನಿನ್ನೆ ಕುಟುಂಬದ ಗ್ರೂಪಿಗೆ ಹಾಕಿದ್ದಾನೆ.

— ಗ್ರೂಪಿಗಾ? ಎಷ್ಟು ಜನ ಇದ್ದೀರಿ ಅದರಲ್ಲಿ?

— ಅರವತ್ತು ಚಿಲ್ಲರೆ. ಮದುವೆಗೆ ಅಂತ ಮಾಡಿದ ಗ್ರೂಪು.

— ಕರ್ಮ! ಹಿಂದೆ ಸಾಬೂನಿನ ಮೇಲೆ ಚಾವಿ ಒತ್ತಿ ಅಚ್ಚು ತೆಗೆಯುತ್ತಿದ್ದರು. ಅದಕ್ಕೂ ಚಾವಿ ಒಂದು ಗಳಿಗೆ ಕೈಗೆ ಸಿಗಬೇಕಿತ್ತು. ಈಗ ನಾವೇ ಅಚ್ಚು ತೆಗೆದು ಅರವತ್ತು ಜನಕ್ಕೆ ಹಂಚುತ್ತೇವೆ.

— ಫೋಟೋದಿಂದ ನಿಜವಾಗಿ ಮಾಡಲಿಕ್ಕೆ ಆಗುತ್ತದಾ? ಆಗುತ್ತದೆ ಅನ್ನಿ. 2008ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಾಡಿ ತೋರಿಸಿದ್ದರು. ಕೆಳಗೆ ಮೇಜಿನ ಮೇಲಿಟ್ಟ ಚಾವಿಗೆ ಮಹಡಿಯ ಮೇಲಿಂದ, ಸುಮಾರು 200 ಅಡಿ ದೂರದಿಂದ ಕ್ಯಾಮೆರಾ ಹಿಡಿದು, ಆ ಚಿತ್ರದಿಂದಲೇ ಅದರ ಹಲ್ಲುಗಳ ಲೆಕ್ಕ ತೆಗೆದರು. ನನಗೆ ಗೊತ್ತಿದ್ದೂ ನಮ್ಮ ಚಾವಿಗೆ ಅದು ಅನ್ವಯಿಸುತ್ತದೆ ಅಂತ ಹೊಳೆಯಲಿಲ್ಲ.

— ಹೇಗೂ ಆ ಬೀಗ ಇನ್ನು ಬೇಡ. ಬಾಡದ ಮನೆಗೆ ಹಾಕಿದ್ದು ಯಾವುದು, ನೇತಾಡುವ ಬೀಗವಾ?

— ಹೌದು. ಎದುರಿಗೆ ದೊಡ್ಡ ಹಿತ್ತಾಳೆ ಬೀಗ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗಳಿ.

— ಅಯ್ಯೋ, ಅದಕ್ಕೆ ಬೀಗದವ ಎಂತಕ್ಕೆ? ಕೊಂಡಿ ತುಕ್ಕು ಹಿಡಿದೇ ಇರುತ್ತದೆ. ಊರಿನ ಆಚಾರಿಗೆ ಹೇಳಿದರೆ ಗರಗಸದಲ್ಲಿ ಕೊಯ್ದು ತೆಗೆಯುತ್ತಾನೆ, ಬಾಗಿಲಿಗೆ ಗಾಯ ಆಗುವುದಿಲ್ಲ. ಹೊಸ ಬೀಗ ನೀನೇ ಕುಮಟೆಯಿಂದ ಒಯ್ಯಿ. ಪ್ಯಾಕೆಟ್ ನಿನ್ನ ಕೈಯಿಂದಲೇ ಒಡೆ, ಚಾವಿ ಎಷ್ಟು ಉಂಟು ಎಣಿಸಿಕೋ. ಕೊಯ್ಯುವಾಗ ನಾಲ್ಕು ಜನ ನೋಡಲಿ. ಅಣ್ಣನಿಗೆ ವಿಡಿಯೋ ಕಾಲ್ ಹಚ್ಚಿ ಆಚಾರಿಗೆ ಮುಖ ತೋರಿಸು. ಆಚಾರಿಯೂ ಕೇಳಲಿ, ಮನೆ ನಿಮ್ಮದೇನಾ ಅಂತ.

— ಆಚಾರಿ ನನ್ನನ್ನು ಲಂಗ ಹಾಕುವಾಗಿನಿಂದ ನೋಡಿದ್ದಾನೆ.

— ಆದರೂ ಕೇಳಲಿ. ಮತ್ತೆ ಅಣ್ಣ ವಾಪಸು ಹೋಗುವಾಗ ಠಾಣೆಗೆ ಒಂದು ಮಾತು ಹೇಳಿ ಹೋಗಲಿ, ಮನೆಗೆ ಬೀಗ ಹಾಕಿದ್ದೇವೆ ಅಂತ. ಬೀಟಿನ ಪೊಲೀಸ್ ಆ ಕಡೆ ಬಂದಾಗ ಒಮ್ಮೆ ನೋಡುತ್ತಾನೆ.

— ಇನ್ನೊಂದು ಚಾವಿ ಯಾರ ಹತ್ತಿರ ಕೊಡುವುದು? ಹೊನ್ನಾವರದಲ್ಲಿ ನನ್ನ ಹತ್ತಿರ ಇದ್ದರೆ ಮತ್ತೆ ಕಳೆಯುತ್ತದೆ. ನೀವು ಇಟ್ಟುಕೊಳ್ಳುತ್ತೀರಾ?

— ನಾನು ಬಾಡಕ್ಕೆ ಹೋಗದೆ ಎಷ್ಟು ವರ್ಷ ಆಯಿತು. ನಾಳೆ ಮಾಡು ಸೋರಿದರೆ ಯಾರು ತೆಗೆದು ನೋಡುವುದು? ಪಕ್ಕದ ಮನೆಯವರಿಗೆ ಕೊಡು.

— ಪಕ್ಕದ ಮನೆಯವರಿಗಾ? ಅಪ್ಪನ ಕಾಲದಿಂದ ಅವರ ಜೊತೆ ಬೇಲಿ ಜಗಳ ಉಂಟು ಮಾವ. ಅಣ್ಣನ ಹತ್ತಿರ ಮಾತು ಬಿಟ್ಟಿದ್ದಾರೆ.

— ಅದಕ್ಕೇ ಹೇಳಿದ್ದು. ನಿಮ್ಮ ಬೇಲಿ ಒಂದು ಗೇಣು ಆಚೆ ಹೋಯಿತೋ ಈಚೆ ಬಂತೋ ಅಂತ ದಿನಕ್ಕೆ ನಾಲ್ಕು ಸಲ ನಿಮ್ಮ ಹಿತ್ತಿಲು ನೋಡುವವರು ಅವರೊಬ್ಬರೇ. ಅಣ್ಣನಿಗೆ ಹೇಳಬೇಡ, ನೀನೇ ಹೋಗಿ ಕೊಟ್ಟು ಬಾ. ಬರಿಗೈಯಲ್ಲಿ ಹೋಗಬೇಡ, ಎಂತಾದರೂ ತಿಂಡಿ ತೆಗೆದುಕೊಂಡು ಹೋಗು.